ದೂರು ಕೊಟ್ಟಾಕೆ

ಮೇಲಿನ ಮನೆಗೆ ನೀರು ಹೋಗುವ ವಾಲ್ವನ್ನು ಬೈರಣ್ಣ ತಾನೇ ನಿಂತು ಬಿಗಿಯಾಗಿ ತಿರುಗಿಸಿದ. ಒಂದು ಹನಿಯೂ ಹತ್ತಬಾರದು. ಆ ಜಯಾ ಎಂಬ ಹುಡುಗಿ ಕೊಡ ಹಿಡಿದು ಜರಗನಹಳ್ಳಿಯ ಬೀದಿ ಬೀದಿ ಅಲೆಯಲಿ. ಯಾರ ಮೇಲೆ ದೂರು ಕೊಟ್ಟೆ ಅಂತ ಆಗ ಗೊತ್ತಾಗುತ್ತದೆ.

ಬೆಳಿಗ್ಗೆ ಆಹಾರ ಇಲಾಖೆಯಿಂದ ಫೋನ್ ಬಂದಿತ್ತು. ಇಲ್ಲಿನ ಕಟ್ಟಡಗಳಲ್ಲದೆ ಕತ್ರಿಗುಪ್ಪೆಯಲ್ಲೂ ಮನೆ ಇದ್ದು ಬಡವರ ರೇಷನ್ ಕಾರ್ಡ್ ಇಟ್ಟುಕೊಂಡಿದ್ದೀರಂತೆ, ಸೋಮವಾರ ವಿಚಾರಣೆಗೆ ಬನ್ನಿ ಎಂದರು. ಯಾರು ಹೇಳಿದ್ದು ಎಂದು ಗದರಿದ್ದಕ್ಕೆ, "ಹೆಸರು ಫೋನಲ್ಲಿ ಹೇಳಕ್ಕಾಗಲ್ಲ. ಆಯಮ್ಮ ಅವತ್ತು ಬರ್ತಾರೆ, ನೀವೇ ನೋಡಿ," ಎಂದು ಇಟ್ಟುಬಿಟ್ಟರು.

ಆಯಮ್ಮ! ಬೈರಣ್ಣನಿಗೆ ಅಷ್ಟೇ ಸಾಕಾಗಿತ್ತು.

ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವನ ಬಾಡಿಗೆ ಮನೆಗಳು ಎದ್ದಿದ್ದವು. ಹೊಲದ ಕಾಲದ ಕಾರ್ಡು ಮಾತ್ರ ಹಾಗೇ ಉಳಿದಿತ್ತು. ಹೆಂಡತಿ ಬೈರಮ್ಮನ ಎದೆಯ ಗಂಟು ಕ್ಯಾನ್ಸರ್ ಎಂದು ತಿಳಿದಾಗ ಆ ಕಾರ್ಡು ತೋರಿಸಿದ್ದೇ ತಡ, ಆಸ್ಪತ್ರೆಯಲ್ಲಿ ಎಲ್ಲವೂ ಉಚಿತವಾಯಿತು.

"ನಮಗೆ ದೇವರು ಕೊಟ್ಟವ್ನಲ್ವಾ, ದುಡ್ಡು ಕಟ್ಟೋಣ ಕಣ್ರೀ," ಎಂದಿದ್ದಳು ಬೈರಮ್ಮ.

"ಸರ್ಕಾರ ಕೊಟ್ರೆ ನಿನಗೇನು ಕಷ್ಟ? ಹಳೇ ಸೀರೆ ಉಟ್ಕೊಂಡು ಬಾ," ಎಂದು ಅವನು ಕರೆದೊಯ್ದಿದ್ದ.

ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಮೇಲಿನ ಮನೆಯ ತಂಗೆವ್ವನೂ ಕೂತಿದ್ದಳು. ಜಯಾಳ ತಾಯಿ. ಕೊಪ್ಪಳದ ಕಡೆಯವಳು. ಇಬ್ಬರಿಗೂ ಒಂದೇ ಕಾಯಿಲೆ. ಆದರೆ ಗಂಡ ಸತ್ತ ಮೇಲೆ ಊರಿನ ಕಾರ್ಡಿನಿಂದ ಮೈದುನ ಅವಳ ಹೆಸರು ತೆಗೆಸಿಬಿಟ್ಟಿದ್ದ. ಇಲ್ಲಿ ಹೊಸ ಕಾರ್ಡು ಮಾಡಿಸಲು ಬಾಡಿಗೆ ಕರಾರು ಬೇಕಿತ್ತು. ಬಿಟಿಎಂ ಲೇಔಟಿನ ಯಾವುದೋ ಆಫೀಸಿನಲ್ಲಿ ನೆಲ ಒರೆಸುತ್ತಿದ್ದ ಜಯಾ ರಜೆ ಹಾಕಿ ಬಂದು ಬೈರಣ್ಣನ ಬಾಗಿಲಲ್ಲಿ ನಿಂತಿದ್ದಳು.

"ಅಂಕಲ್, ಒಂದ್ ಸಹಿ ಮಾಡ್ರಿ. ಕಾರ್ಡ್ ಆದ್ರ ನಮ್ಮವ್ವ ಉಳೀತಾಳ."

ಕರಾರು ಬರೆದುಕೊಟ್ಟರೆ ಬಾಡಿಗೆ ಬೆಳಕಿಗೆ ಬರುತ್ತದೆ. ಬಾಡಿಗೆ ಬೆಳಕಿಗೆ ಬಂದರೆ ತನ್ನ ಕಾರ್ಡು ಹೋಗುತ್ತದೆ. ಬೈರಣ್ಣ ಬಾಗಿಲು ಹಾಕಿಕೊಂಡ. ತಂಗೆವ್ವನ ಚಿಕಿತ್ಸೆ ಅರ್ಧಕ್ಕೆ ನಿಂತಿತು. ಬೇಸಿಗೆಗೆ ಅವಳು ಇರಲಿಲ್ಲ. ಹೆಣ ಇಳಿಸಲು ಮೆಟ್ಟಿಲ ಬಳಿ ಇಕ್ಕಟ್ಟಾದಾಗ ಬೈರಣ್ಣನೇ ತನ್ನ ಸ್ಕೂಟರ್ ಸರಿಸಿ ಜಾಗ ಮಾಡಿಕೊಟ್ಟಿದ್ದ. ಅದಕ್ಕೆ ಇದೇನಾ ಉಪಕಾರ ಸ್ಮರಣೆ!

"ಅವಳೇ ಕಣೇ," ಎಂದ ಊಟಕ್ಕೆ ಕೂತು. "ಅವ್ವ ಸತ್ತ ಸಿಟ್ಟು. ನಿನ್ನ ಟ್ರೀಟ್‌ಮೆಂಟ್ ನಿಲ್ಲಿಸ್ಬೇಕು ಅಂತಾನೇ ಮಾಡವ್ಳೆ."

ಬೈರಮ್ಮ ಸಾರು ಬಡಿಸಿದಳು. "ಸಿಟ್ಟು ಬರಲ್ವಾ ಮತ್ತೆ?"

"ಕತ್ರಿಗುಪ್ಪೆ ಮನೆ ಅವಳಿಗೆ ಹೆಂಗೆ ಗೊತ್ತಾಯ್ತು?"

"ಗೊತ್ತಿರೋರು ಹೇಳಿರ್ಬೇಕು. ಆ ಹುಡುಗಿ ತಂಟೆಗೆ ಹೋಗ್ಬೇಡಿ, ಅವಳದ್ದೇನೂ ತಪ್ಪಿಲ್ಲ."

ಮೈಯಲ್ಲಿ ಕಾಯಿಲೆ ಇಟ್ಟುಕೊಂಡೂ ಇಷ್ಟು ಮೆದು ಮನಸ್ಸು! ಬೈರಣ್ಣನಿಗೆ ಹೆಂಡತಿಯ ಮೇಲೆ ಮರುಕ ಬಂತು. ಜಯಾಳ ಮೇಲಿನ ಸಿಟ್ಟು ಇನ್ನಷ್ಟು ಏರಿತು.

ಭಾನುವಾರ ಅವಳ ಹಾಸಿಗೆ, ಪಾತ್ರೆ, ತಂಗೆವ್ವನ ಫೋಟೊ ಎಲ್ಲವನ್ನೂ ಬೀದಿಗಿಟ್ಟ. ಅಕ್ಕಪಕ್ಕದವರು ಬಾಲ್ಕನಿಗೆ ಬಂದರು. ಬರಲಿ, ನೋಡಲಿ.

"ನಾ ದೂರು ಕೊಟ್ಟಿಲ್ರಿ," ಜಯಾ ಫೋಟೊದ ಧೂಳು ಒರೆಸಿದಳು. "ಅಷ್ಟ್ ಧೈರ್ಯ ಇದ್ದಿದ್ರ ನಮ್ಮವ್ವ ಇದ್ದಾಗನ ಕೊಡ್ತಿದ್ದೆ."

ಬೈರಣ್ಣ ನಕ್ಕ. ಸಾಮಾನು ಹೊತ್ತ ಆಟೊ ಸುದ್ದಗುಂಟೆಪಾಳ್ಯದ ಕಡೆ ಹೊರಡುವಾಗ ಬೈರಮ್ಮ ಗೇಟಿನಾಚೆ ಹೋಗಿ ಹುಡುಗಿಯ ಕೈ ಹಿಡಿದು ಏನೋ ಹೇಳಿದಳು. ಅವನಿಗೆ ಕೇಳಿಸಲಿಲ್ಲ. ಹುಡುಗಿ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು, ಆಟೊ ತಿರುವು ದಾಟುವವರೆಗೂ ಅವಳನ್ನೇ ನೋಡುತ್ತಿದ್ದಳು.

ಸೋಮವಾರ ಹೆಂಡತಿಯನ್ನೂ ಹೊರಡಿಸಿದ. "ನೀನು ಪಕ್ಕದಲ್ಲಿ ಕೂತ್ಕೋ, ಸಾಕು. ನಿನ್ನ ಬೋಳುತಲೆ ನೋಡಿದ್ರೆ ಎಂಥೋರಿಗೂ ಕರುಳು ಚುರುಕ್ ಅನ್ನುತ್ತೆ."

ಬೈರಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಬೈರಣ್ಣ ಹಣೆ ಚಚ್ಚಿಕೊಂಡ. "ಹಳೇದು ಉಟ್ಕೊಳೇ!"

"ಇವತ್ತು ಬೇಡ."

ಬದಲಿಸಲು ಹೊತ್ತಿರಲಿಲ್ಲ.

ಕಚೇರಿಯಲ್ಲಿ ಅಧಿಕಾರಿ ವಿಜಯಲಕ್ಷ್ಮಿಯವರ ಎದುರು ಗಂಡಹೆಂಡಿರಿಗೆ ಕುರ್ಚಿ ಸಿಕ್ಕಿತು. ಬೈರಣ್ಣ ಹೆಂಡತಿಯ ತಲೆಗೆ ಸುತ್ತಿದ್ದ ಬಟ್ಟೆಯನ್ನು ತಾನೇ ಸರಿಸಿ ತೋರಿಸಿದ. ಅವಳು ತಡೆಯಲಿಲ್ಲ. ಕಣ್ಣು ಮಾತ್ರ ಮುಚ್ಚಿಕೊಂಡಳು.

"ನೋಡಿ ಮೇಡಂ. ಕಾರ್ಡ್ ಹೋದ್ರೆ ಇವಳ ಗತಿಯೇನು? ಕಾಯಿಲೆ ಹೆಂಗಸಿನ ಜೀವದ ಜೊತೆ ಆಟ ಆಡಿ ಸೇಡು ತೀರಿಸ್ಕೊಳ್ಳೋರು ಮನುಷ್ಯರಾ? ಆಯಮ್ಮನ್ನ ಕರೀರಿ. ಮುಖಕ್ಕೆ ಮುಖ ಕೊಟ್ಟು ಕೇಳ್ತೀನಿ."

ವಿಜಯಲಕ್ಷ್ಮಿ ತಲೆಯೆತ್ತಿದರು. "ದೂರು ಕೊಟ್ಟವರು ಬಂದಿದಾರಾ?"

ಬೈರಣ್ಣ ಜಯಾಳಿಗಾಗಿ ಬಾಗಿಲ ಕಡೆ ತಿರುಗಿದ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ಬಾಗಿಲಲ್ಲಿ ಯಾರೂ ಇರಲಿಲ್ಲ.

"ಬಂದಿದೀನಿ ಮೇಡಂ," ಎಂದು ಅವನ ಪಕ್ಕದ ಕುರ್ಚಿಯಿಂದ ಬೈರಮ್ಮ ಎದ್ದು ನಿಂತಳು.