ಆರಿಸದ ಚಹಾ

ಸಂಗಾತಿ ಅಂದಿನ ಪತ್ರಿಕೆ ಬಿಡಿಸಿ ನೇರ ಸಿನಿಮಾ ಪುಟಕ್ಕೇ ಹೋದಾಗ ವಿಮರ್ಶಕ ಕಿಟಕಿಯತ್ತ ತಿರುಗಿ ಕೂತ. ಮನೆ ಓನರಿಗೂ ಆಫೀಸಿಗೂ ಇವರಿಬ್ಬರು ಬಾಡಿಗೆ ಹಂಚಿಕೊಂಡ ಬ್ರಹ್ಮಚಾರಿಗಳು, ಅಷ್ಟೇ. ಗುಟ್ಟು ರಟ್ಟಾದೀತೆಂಬ ಭಯಕ್ಕೆ, ಜೈಲಿನ ಒಂದೇ ಕೋಣೆಯಲ್ಲಿ ಪ್ರೀತಿಸುವ ಇಬ್ಬರು ಗಂಡಸರ ಚಿತ್ರವನ್ನು ಅವನು ಹಿಗ್ಗಾಮುಗ್ಗಾ ಜಾಡಿಸಿದ್ದ.

ಸಂಗಾತಿ ಗಟ್ಟಿಯಾಗಿ ಓದಿದ: "ಒಬ್ಬ ಕೈದಿ ಇನ್ನೊಬ್ಬನಿಗೆ ದಿನವೂ ಚಹಾ ಆರಿಸಿ ಕೊಡುತ್ತಾನಂತೆ! ಗಂಡಸರು ಎಲ್ಲಾದರೂ ಹೀಗಿರುತ್ತಾರೆಯೇ?"

"ಆಫೀಸಲ್ಲಿ ಯಾರಾದ್ರೂ ಅನುಮಾನ ಪಟ್ರೆ ಅಂತ..." ವಿಮರ್ಶಕ ತಡವರಿಸಿದ.

"ಬಿಡು, ಇನ್ಯಾರೂ ಪಡಲ್ಲ."

ಸಂಗಾತಿ ಎದ್ದು ಒಲೆಯಿಂದ ಚಹಾ ಇಳಿಸಿದ. ಇಷ್ಟು ವರ್ಷ ಲೋಟದಿಂದ ಲೋಟಕ್ಕೆ ಸುರಿದು, ವಿಮರ್ಶಕನ ನಾಲಿಗೆಗೆ ಹಿತವಾಗುವಷ್ಟು ಆರಿಸಿಯೇ ಕೊಡುತ್ತಿದ್ದವನು, ಇವತ್ತು ಹಬೆಯಾಡುವ ಲೋಟವನ್ನು ಹಾಗೇ ತಂದು ಅವನ ಮುಂದಿಟ್ಟ.