ಪಳಪಳ ಹೊಳೆಯುವ ಜಾಗ

"ಏನಮ್ಮಾ, ಸುಟ್ಟಾಕ್ಬಿಟ್ಯಾ ಬೋರ್ಡ್‌ನ?" ಎಂದು ಶಿವರಾಮ್ ಕೇಳಿದಾಗ ಲುಬ್ನಾ ಇನ್ನೊಂದು ಸಲ ಕೀಲಿ ಒತ್ತಿದಳು. ಕಂಪ್ಯೂಟರಿನ ಪರದೆಯ ಮೇಲೆ 'ಚಿಪ್ ಸಿಗುತ್ತಿಲ್ಲ' ಎಂಬ ಸಾಲೇ ಮತ್ತೊಮ್ಮೆ ಮೂಡಿತು.

ಆಯುಧಪೂಜೆಯ ರಜೆ ಮುಗಿದು ಟಿ. ದಾಸರಹಳ್ಳಿಯ ಶಿವರಾಮನ ಪುಟ್ಟ ಕಾರ್ಖಾನೆ ಬಾಗಿಲು ತೆರೆದ ಬೆಳಿಗ್ಗೆ ಅದು. ಬೋರ್‌ವೆಲ್ ಪಂಪನ್ನು ತಾನೇ ಆನ್ ಆಫ್ ಮಾಡುವ ಸಾಧನದ ಮಾದರಿ ಇದ್ದದ್ದು ಪ್ರಯೋಗಕ್ಕೆಂದು ಕೊಂಡಿದ್ದ, ಚಿಪ್ ಕೂರಿಸಿದ ಈ ಒಂದೇ ಡೆವಲಪ್‌ಮೆಂಟ್ ಬೋರ್ಡಿನಲ್ಲಿ. ಮಧ್ಯಾಹ್ನ ಅದನ್ನು ಕೊಳ್ಳುವ ಪಾರ್ಟಿಯವರು ನೋಡಲು ಬರುತ್ತಾರೆ. ರಜೆಗೆ ಮುಂಚೆ ಅದರ ಮೇಲೆ ಕೆಲಸ ಮಾಡಿದ್ದವಳು ಹೊಸದಾಗಿ ಸೇರಿದ್ದ ಲುಬ್ನಾ. ಆರ್ಡರ್ ಹೋದರೆ ಅವಳ ಕೆಲಸವೂ ಹೋದಂತೆಯೇ ಎಂದು ಶಿವರಾಮ್ ಆಗಲೇ ಹೇಳಿಯಾಗಿತ್ತು.

"ಕೇಬಲ್ ಒಂದ್ಸಲ ನೋಡ್ತೀನಿ ಸಾರ್."

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ!"

ಬೇರೆ ಯಾರಾದರೂ ಆಗಿದ್ದರೆ ಅತ್ತುಬಿಡುತ್ತಿದ್ದರು. ಈ ಹುಡುಗಿಯ ತಾಳ್ಮೆಗೆ ಕೈ ಮುಗಿಯಬೇಕು. ಕಂಪ್ಯೂಟರಿನಿಂದ ಚಿಪ್ಪಿಗೆ ಪ್ರೋಗ್ರಾಂ ದಾಟಿಸುವ ಬೆಂಕಿಪೊಟ್ಟಣದಷ್ಟು ಡಬ್ಬಿಗೆ ಡೀಬಗ್ ಪ್ರೋಬ್ ಎನ್ನುತ್ತಾರೆ. ಅದರ ಕೇಬಲ್ಲನ್ನು ಕಿತ್ತು ಕಪಾಟಿನಲ್ಲಿದ್ದ ಹಳೆಯ ಬೋರ್ಡಿಗೆ ಚುಚ್ಚಿದಳು. ತಕ್ಷಣ ಚಿಪ್ ಸಿಕ್ಕಿತು. ಅಂದರೆ ಪ್ರೋಬ್ ಸರಿಯಿದೆ, ಕೇಬಲ್ಲೂ ಸರಿಯಿದೆ. ಹೊಸ ಬೋರ್ಡಿಗೆ ಮೀಟರ್ ಇಟ್ಟಳು, ಕರೆಂಟ್ ಬರುತ್ತಿದೆ. ಉಳಿದದ್ದು ಕೇಬಲ್ ಕೂರುವ, ಹೊಳೆಯುವ ಪಿನ್ನುಗಳು. ಭೂತಗನ್ನಡಿ ಹಿಡಿದು ಬಗ್ಗಿದಳು. ಅವುಗಳ ಬುಡದಲ್ಲಿ ಕೆಂಪಗೆ ಏನೋ ಒಣಗಿ ಮೆತ್ತಿಕೊಂಡಿತ್ತು.

ಅಷ್ಟರಲ್ಲಿ ಶಿವರಾಮನ ತಾಯಿ ದ್ರೌಪದಮ್ಮ, ಪೂಜೆಯಲ್ಲಿ ಉಳಿದ ಕಡ್ಲೆಪುರಿಯ ತಟ್ಟೆ ಹಿಡಿದು ಮೇಲಿನ ಮನೆಯಿಂದ ಇಳಿದು ಬಂದರು. ಡ್ರಿಲ್ಲಿಂಗ್ ಮಷೀನಿನಿಂದ ಸ್ಕೂಟರಿನವರೆಗೆ ಒಂದನ್ನೂ ಬಿಡದೆ ಪೂಜೆ ಮಾಡಿದವರು ಅವರೇ.

"ಯಾಕವ್ವಾ, ಕೆಟ್ಟೋಯ್ತಾ? ಅದುಕ್ಕೂ ನೀರಲ್ಲಿ ಕಲಸಿ ಕುಂಕುಮ ಇಕ್ಕಿದ್ನಲ್ಲಾ. ಅಣೆ ಎಲ್ಲೈತೆ ಅಂತ ಉಡುಕಿ ಉಡುಕಿ, ಪಳಪಳ ಅನ್ನೋ ಜಾಗುಕ್ಕೇ ಇಕ್ಕಿದೆ. ಆದ್ರೂ ಇಂಗಾಯ್ತಾ?"

ಶಿವರಾಮನ ಮುಖ ನೋಡಬೇಕಿತ್ತು. ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ. ಲುಬ್ನಾ ಇದ್ದದ್ದನ್ನು ಇದ್ದ ಹಾಗೆ ಹೇಳಬಹುದಿತ್ತು. ಬೆಳಗಿನಿಂದ ಬೈಸಿಕೊಂಡದ್ದಕ್ಕೆ ಅದೇ ತಕ್ಕ ಉತ್ತರವಾಗುತ್ತಿತ್ತು.

"ಕೆಟ್ಟಿಲ್ಲಮ್ಮಾ, ಧೂಳು ಕೂತಿತ್ತು ಅಷ್ಟೆ," ಎಂದಳು. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಪಿನ್ನುಗಳನ್ನು ಒರೆಸಿ, ಕೆಂಪಾದ ಹತ್ತಿಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಕೇಬಲ್ ಚುಚ್ಚಿದಳು. ಚಿಪ್ ಸಿಕ್ಕಿತು, ಪ್ರೋಗ್ರಾಂ ಇಳಿಯಿತು.

"ನಾನಿಕ್ಕಿದ ಬೊಟ್ಟು ಸುಮ್ಕೆ ಓಗ್ತದಾ!" ಎಂದು ದ್ರೌಪದಮ್ಮ ಹಿಗ್ಗಿ, ತಟ್ಟೆಯನ್ನು ಲುಬ್ನಾಳ ಮುಂದಿಟ್ಟು ಮೆಟ್ಟಿಲು ಹತ್ತಿದರು.

"ತಪ್ಪಾಯ್ತು ಕಣಮ್ಮಾ," ಎಂದ ಶಿವರಾಮ್. "ಮುಂದಿನ ವರ್ಷ ಅಮ್ಮನ್ನ ಈ ಟೇಬಲ್ ಹತ್ರಾನೇ ಬಿಡಲ್ಲ."

"ಹಂಗ್ಮಾಡ್ಬೇಡಿ ಸಾರ್, ಬೇಜಾರ್ ಮಾಡ್ಕೋತಾರೆ."

ಮಧ್ಯಾಹ್ನ ಆರ್ಡರ್ ಸಿಕ್ಕಿತು. ಮುಂದೆ ಕಾರ್ಖಾನೆಯದೇ ಆದ ಬೋರ್ಡಿನ ನಕ್ಷೆ ಬರೆಯುವ ಕೆಲಸವೂ ಲುಬ್ನಾಳಿಗೇ ಬಂತು. ತಯಾರಾಗಿ ಬಂದ ಮೊದಲ ಬೋರ್ಡನ್ನು ಶಿವರಾಮ್ ಬೆಳಕಿಗೆ ಹಿಡಿದು ನೋಡಿದ. ಎಲ್ಲೂ ಒಂದಿಷ್ಟೂ ಜಾಗ ದಂಡ ಮಾಡದೆ ಗೆರೆ ಎಳೆದವಳು, ಪಿನ್ನುಗಳಿಂದ ದೂರದ ಮೂಲೆಯಲ್ಲಿ ಮಾತ್ರ ಬೆರಳ ತುದಿಯಷ್ಟು ಗುಂಡನೆಯ ಜಾಗ ಬಿಟ್ಟು, ಅದಕ್ಕೆ ಪಳಪಳ ಹೊಳೆಯುವ ಲೇಪ ಕೊಡಿಸಿದ್ದಳು.

"ಇದೇನಮ್ಮಾ ಇದು? ಏನೂ ಕನೆಕ್ಷನ್ನೇ ಇಲ್ವಲ್ಲ?"

"ಅದು ಬೋರ್ಡಿನ ಹಣೆ, ಸಾರ್."