ಮಗಳ ಪತ್ರಗಳು, ಏಳು

“ನಿಮ್ಮ ಪತ್ರ ನೀವೇ ಓದೋಕೂ ಅನುಮತಿ ಬೇಕು ಮೇಡಂ,” ಎಂದಳು ಪತ್ರಾಗಾರದ ಅಧಿಕಾರಿ, ಮೂರನೇ ಸಲ, ಮೊದಲ ಸಲದಷ್ಟೇ ವಿನಯವಾಗಿ.

ಆ ವಿನಯವೇ ಹೊಲಿಗೆ ಟೀಚರ್‌ಗೆ ಮೈ ಉರಿಸಿತು. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು. ವಿಶ್ವವಿದ್ಯಾಲಯದ ಗೇಟಿನಲ್ಲಿ ಒಂದು ಸಹಿ, ಗ್ರಂಥಾಲಯದ ಬಾಗಿಲಲ್ಲಿ ಇನ್ನೊಂದು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಿಂತರೆ, ಕೈಚೀಲ ಬೀರುವಿನಲ್ಲಿಡಿ, ಪೆನ್ನು ಒಳಗೆ ತರಬೇಡಿ, ತಗೊಳ್ಳಿ ಪೆನ್ಸಿಲ್. ಎಲ್ಲವನ್ನೂ ಹಲ್ಲುಕಚ್ಚಿ ಸಹಿಸಿದ್ದಾಯಿತು. ಈಗ ಇದು ಬೇರೆ.

“ನೋಡಮ್ಮ, ಬರೆದವಳು ನಾನು. ಬರೆದದ್ದು ನಮ್ಮಪ್ಪನಿಗೆ. ನಡುವೆ ಅನುಮತಿ ಕೊಡೋಕೆ ಇನ್ಯಾರು?”

“ಕಾಗದ ಪತ್ರ ಎಲ್ಲಾ ನಮಗೆ ಕೊಟ್ಟವರು ನಿಮ್ಮ ತಮ್ಮ. ಇದೊಂದು ಕಡತ ಮಾತ್ರ ಮೂವತ್ತು ವರ್ಷ ಮುಚ್ಚಿಡಿ ಅಂತ ಬರೆದುಕೊಟ್ಟಿದ್ದಾರೆ.”

“ಮೂವತ್ತು ವರ್ಷಾನಾ? ನನಗೀಗಲೇ ಅರವತ್ತಾರು!”

“ನಾಲ್ಕು ವರ್ಷ ಆಗಲೇ ಕಳೀತಲ್ಲ ಮೇಡಂ,” ಎಂದಳು ಅವಳು, ಸಮಾಧಾನ ಹೇಳುವವಳ ಹಾಗೆ.

ಟೀಚರ್ ಅವರ ಅಪ್ಪ ಊರಿನ ಒಂದೇ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದವರು. ಮದುವೆಯ ಕರೆಯೋಲೆ, ಪುರಸಭೆಯ ಪ್ರಕಟಣೆ, ಚುನಾವಣೆಯ ಕರಪತ್ರ, ವಾರಪತ್ರಿಕೆ, ಹೀಗೆ ಕೈಮೇಲೆ ಹಾದದ್ದರಲ್ಲೆಲ್ಲ ಒಂದೊಂದು ಪ್ರತಿ ತಂದು ಮಂಚದ ಕೆಳಗೆ ಒಟ್ಟುತ್ತಿದ್ದರು. ಅಮ್ಮ ಅದನ್ನು ಕಸ ಎನ್ನುತ್ತಿದ್ದಳು. ಈಗ ಅದೇ ಕಸ ನಲವತ್ತೊಂದು ಪೆಟ್ಟಿಗೆಗಳಲ್ಲಿ ಊರಿನ ಇತಿಹಾಸವಾಗಿ ಕೂತಿದೆ. ಮಗಳೂ ತಮ್ಮ ಪಕ್ಕದಲ್ಲೇ ಕೂತು ಕರಡು ತಿದ್ದಬೇಕೆಂದು ಅಪ್ಪನ ಹಟ. ಹೊಲಿಗೆಯನ್ನೇ ಕಲಿಯುತ್ತೇನೆಂದು ಮಗಳ ಹಟ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಒಂದು ಸೂಟ್‌ಕೇಸ್ ಹಿಡಿದು ಹೊರಟವಳು ಎರಡು ವರ್ಷದಲ್ಲಿ ಏಳು ಪತ್ರ ಬರೆದಳು. ಉತ್ತರವಾಗಿ ಒಂದು ಗೆರೆಯೂ ಬರಲಿಲ್ಲ. ಆಮೇಲೆ ಆ ಮನೆಯ ಹೊಸ್ತಿಲು ತುಳಿದದ್ದು ಅಪ್ಪ ಹೋದ ದಿನವೇ. ಪತ್ರಗಳನ್ನು ಹರಿದು ಒಲೆಗೆ ಹಾಕಿದ್ದಾರೆ ಎಂದೇ ಟೀಚರ್ ಇಷ್ಟು ಕಾಲ ನಂಬಿದ್ದರು. ಹೋದ ತಿಂಗಳು ಪತ್ರಾಗಾರದ ಪಟ್ಟಿ ಅಚ್ಚಾಗಿ ಬಂದಾಗ, ಕೊನೆಯ ಪೆಟ್ಟಿಗೆಯ ಮುಂದೆ ಹೀಗಿತ್ತು: ‘ಮಗಳ ಪತ್ರಗಳು, ಏಳು.’ ಅಪ್ಪ ಅವನ್ನು ಓದಿದ್ದರೋ ಇಲ್ಲವೋ, ಅಷ್ಟು ತಿಳಿದರೆ ಸಾಕಿತ್ತು.

ಟೀಚರ್ ಕಾರಿಡಾರಿಗೆ ಹೋಗಿ ತಮ್ಮನಿಗೆ ಫೋನ್ ಮಾಡಿದರು.

“ಲೋ, ನನ್ನ ಕಾಗದಕ್ಕೆ ಬೀಗ ಹಾಕ್ಸೋಕೆ ನೀನ್ಯಾರೋ?”

“ಅಕ್ಕಾ, ನಿನ್ನ ಮರ್ಯಾದೆಗೇ ಅಲ್ವಾ ಮಾಡಿದ್ದು! ಸಿಟ್ಟಲ್ಲಿ ಏನೇನು ಬರೆದಿದ್ಯೋ, ಯಾರೋ ಪಿಎಚ್.ಡಿ. ಮಾಡೋರು ಓದಿ ಪುಸ್ತಕ ಮಾಡಿಬಿಟ್ರೆ?”

“ನೀನು ಓದಿದ್ಯಾ?”

“ಛೇ, ಇನ್ನೊಬ್ಬರ ಕಾಗದ ನಾನ್ಯಾಕೆ ಓದಲಿ? ಹಾಗೇ ಕಟ್ಟಿ ಕೊಟ್ಟೆ.”

“ಲಕೋಟೆ ಒಡೆದಿತ್ತಾ?”

“ಅದು ನೆನಪಿಲ್ಲಕ್ಕ.”

ಟೀಚರ್ ಫೋನ್ ಇಟ್ಟು ಒಳಬಂದಾಗ ಅಧಿಕಾರಿ ನಿಯಮದ ಪುಸ್ತಕ ತೆರೆದು ಕೂತಿದ್ದಳು. ಮುಖ ಅರಳಿತ್ತು. “ದಾರಿ ಸಿಕ್ತು ಮೇಡಂ. ಕಡತ ಮುಚ್ಚಿರೋದು ಮಗಳ ಖಾಸಗಿತನಕ್ಕೆ. ಹಾಗಾಗಿ ಮಗಳು ಒಪ್ಪಿದ್ರೆ ಸಾಕು. ಈ ಅರ್ಜಿಯಲ್ಲಿ ಓದುಗರಾಗಿ ನೀವು ಅನುಮತಿ ಕೇಳಿ. ಇದರಲ್ಲಿ ಮಗಳಾಗಿ ಕೊಟ್ಟುಬಿಡಿ.”

ಟೀಚರ್ ತಮ್ಮನ್ನು ತಾವೇ ಕೇಳಿಕೊಂಡು, ತಾವೇ ಒಪ್ಪಿ, ಎರಡಕ್ಕೂ ಸಹಿ ಹಾಕಿದರು.

“ಪೆನ್ಸಿಲ್ ಸಹಿ ನಡೆಯಲ್ಲ ಮೇಡಂ.”

“ಪೆನ್ನು ತರಬೇಡಿ ಅಂದವರು ನೀವೇ ಅಲ್ವೇನಮ್ಮ!”

ಮತ್ತೆ ಕಾರಿಡಾರಿಗೆ ಹೋಗಿ, ಗೋಡೆಗೆ ಕಾಗದ ಒತ್ತಿಹಿಡಿದು, ಪೆನ್ನಿನಲ್ಲಿ ಸಹಿ ಹಾಕಿ ತಂದದ್ದಾಯಿತು.

ಕಡತ ಬಂತು. ಏಳೂ ಲಕೋಟೆಗಳು ಒಡೆದಿದ್ದವು. ಬ್ಲೇಡಿನಲ್ಲಿ ನೇರವಾಗಿ ಸೀಳಿದ್ದರು. ಓದಿದ್ದಾರೆ! ಮೊದಲ ಪತ್ರ ಬಿಡಿಸಿದವರು ಕಣ್ಣು ಕಿರಿದುಮಾಡಿದರು. ಪತ್ರದ ತುಂಬ ಕೆಂಪು ಶಾಯಿ. ‘ಕಷ್ಠ’ದ ಠಕ್ಕೆ ಸುತ್ತು, ಅಂಚಿನಲ್ಲಿ ಟ. ‘ವಿಶಯ’ಕ್ಕೆ ಷ. ಅಲ್ಪವಿರಾಮ ಬಿಟ್ಟಲ್ಲೆಲ್ಲ ಅಲ್ಪವಿರಾಮ. ಎರಡನೆಯದರಲ್ಲೂ ಅದೇ, ಮೂರನೆಯದರಲ್ಲೂ ಅದೇ.

“ಮಗಳು ಅತ್ತೂ ಕರೆದೂ ಬರೆದ್ರೆ, ಅಲ್ಪಪ್ರಾಣ ಮಹಾಪ್ರಾಣ ನೋಡ್ತಾ ಕೂತಿದ್ರು!” ಎಂದು ಕೂಗಿಯೇಬಿಟ್ಟರು.

“ಮೆಲ್ಲಗೆ ಮೇಡಂ,” ಎನ್ನುತ್ತಲೇ ಅಧಿಕಾರಿಯೂ ಬಗ್ಗಿ ನೋಡಿದಳು.

ಏಳನೆಯದು ತೀರಾ ಚಿಕ್ಕದು. ಅದರಲ್ಲಿ ಒಂದು ತಪ್ಪೂ ಇರಲಿಲ್ಲ. ‘ಇನ್ನು ನಾನಾಗಿ ಆ ಮನೆಗೆ ಬರುವುದಿಲ್ಲ’ ಎಂಬ ಕೊನೆಯ ಸಾಲಿನಲ್ಲಿ ಕೊನೆಯ ಪದದ ಮೇಲೆ ಮಾತ್ರ ಒಂದು ಕೆಂಪು ಗೆರೆ. ಅಂಚಿನಲ್ಲಿ ಅಪ್ಪನ ದುಂಡು ಅಕ್ಷರ: ‘ಬರುತ್ತೇನೆ, ಎಂದಿರಬೇಕು.’

ಟೀಚರ್ ಆ ಸಾಲನ್ನು ಬೆರಳಿಟ್ಟು ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು.

“ಅಲ್ಲಮ್ಮ, ತಿದ್ದಿದ ಕರಡನ್ನ ವಾಪಸ್ ಕಳಿಸಬೇಕು ಅಂತ ಈ ಮನುಷ್ಯನಿಗೆ ಗೊತ್ತಿರಲಿಲ್ವಾ?”